ಎಲ್ಲರಿಗೂ ಎಲ್ಲವೂ ಕಾಣುವ ಟೆಂಡರು

(ನಾಗರಿಕರು ಮತ್ತು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಕಂಪ್ಯೂಟರಿನಿಂದ ಸರ್ಕಾರಿ ಭ್ರಷ್ಟಾಚಾರವನ್ನು ತಡೆಯಲು ಸಾಧ್ಯವೇ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ವಿಷಯ ದೊಡ್ಡದು. ನಾನು ಒಂದು ಸಣ್ಣ ವಸ್ತುವಿನಿಂದ ಆರಂಭಿಸುತ್ತೇನೆ. ಅದು ಒಂದು ಕೋಳಿಮೊಟ್ಟೆ.

2023ರ ಜನವರಿ 21ರಂದು ಉಕ್ರೇನಿನ ರಾಜಧಾನಿ ಕೀವ್‌ನ ಒಂದು ಪತ್ರಿಕೆ ಯೂರಿ ನಿಕೊಲೊವ್ ಎಂಬ ಪತ್ರಕರ್ತರ ವರದಿಯನ್ನು ಪ್ರಕಟಿಸಿತು. ಆ ಪತ್ರಿಕೆಯ ಹೆಸರನ್ನು ಕನ್ನಡಕ್ಕೆ ತಂದರೆ 'ವಾರದ ಕನ್ನಡಿ' ಎಂದಾಗುತ್ತದೆ. ರಕ್ಷಣಾ ಸಚಿವಾಲಯವು ಸೈನಿಕರ ಊಟಕ್ಕಾಗಿ ಮಾಡಿಕೊಂಡಿದ್ದ ಒಪ್ಪಂದವೊಂದರ ಬೆಲೆಗಳು ನಿಕೊಲೊವ್ ಅವರ ಕೈಗೆ ಸಿಕ್ಕಿದ್ದವು. ಒಪ್ಪಂದದ ಮೊತ್ತ 1,300 ಕೋಟಿ ಹ್ರಿವ್ನಿಯಾಕ್ಕೂ ಮಿಕ್ಕಿದ್ದು. ಹ್ರಿವ್ನಿಯಾ ಎಂದರೆ ಅಲ್ಲಿನ ಹಣ. ಅದರಲ್ಲಿ ಒಂದು ಮೊಟ್ಟೆಯ ಬೆಲೆ 17 ಹ್ರಿವ್ನಿಯಾ ಎಂದಿತ್ತು. ಅದೇ ದಿನಗಳಲ್ಲಿ ಕೀವ್‌ನ ಅಂಗಡಿಯಲ್ಲಿ ಒಂದೊಂದಾಗಿ ಕೊಂಡರೂ ಮೊಟ್ಟೆ ಸುಮಾರು 7 ಹ್ರಿವ್ನಿಯಾಕ್ಕೆ ಸಿಗುತ್ತಿತ್ತು. ಆಲೂಗಡ್ಡೆಯ ಕಥೆಯೂ ಹೀಗೆಯೇ. ಲಕ್ಷಗಟ್ಟಲೆ ಕೊಳ್ಳುವವನಿಗೆ ಬೆಲೆ ಇಳಿಯುವುದು ವ್ಯಾಪಾರದ ಧರ್ಮ. ಇಲ್ಲಿ ಅದು ಎರಡು ಪಟ್ಟು ದಾಟಿ ಏರಿತ್ತು.

ದೇಶ ಯುದ್ಧದಲ್ಲಿದ್ದ ಕಾಲ ಅದು. ಮಕ್ಕಳನ್ನು ಕಂದಕಗಳಿಗೆ ಕಳುಹಿಸಿದ್ದ ತಂದೆತಾಯಿಗಳು ಆ ವರದಿಯನ್ನು ಓದಿದರು. ಎಣಿಕೆಯಲ್ಲಿ ಆದ ತಾಂತ್ರಿಕ ದೋಷ ಎಂದು ಸಚಿವಾಲಯ ಮೊದಲು ಸಮಜಾಯಿಷಿ ಕೊಟ್ಟಿತು. ಯಾರೂ ನಂಬಲಿಲ್ಲ. ಕ್ಷಿಪಣಿಯ ಬೆಲೆ ಎಷ್ಟೆಂದು ಸಾಮಾನ್ಯ ಗೃಹಿಣಿಗೆ ಗೊತ್ತಿರುವುದಿಲ್ಲ, ಮೊಟ್ಟೆಯ ಬೆಲೆ ಗೊತ್ತಿರುತ್ತದೆ. ಮೂರೇ ದಿನಗಳಲ್ಲಿ, ಪೂರೈಕೆಯ ಹೊಣೆ ಹೊತ್ತಿದ್ದ ಉಪಸಚಿವರು ರಾಜೀನಾಮೆ ಕೊಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಕ್ಷಣಾ ಸಚಿವರೂ ಹುದ್ದೆಯಿಂದ ಇಳಿದರು.

ಇದರಲ್ಲಿ ಹೊಸದೇನಿದೆ, ಇಂಥ ಸುದ್ದಿ ನಮ್ಮಲ್ಲಿ ದಿನಾ ಬರುತ್ತದಲ್ಲ ಎಂದು ನೀವು ಕೇಳಬಹುದು. ವಿಚಿತ್ರವೆಂದರೆ, ಸರ್ಕಾರಿ ಖರೀದಿಯನ್ನು ಕಂಪ್ಯೂಟರಿನ ಮೂಲಕ ಬಯಲಿಗೆ ತಂದ ದೇಶ ಎಂದು ಜಗತ್ತು ಅದುವರೆಗೆ ಬೆರಳು ಮಾಡಿ ತೋರಿಸುತ್ತಿದ್ದುದು ಇದೇ ಉಕ್ರೇನನ್ನು. ಅಂಥ ದೇಶದಲ್ಲಿ 17 ಹ್ರಿವ್ನಿಯಾದ ಮೊಟ್ಟೆ ಹುಟ್ಟಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ನೀವು ಕೊಟ್ಟ ವಿಷಯಕ್ಕೂ ಉತ್ತರ ಸಿಗುತ್ತದೆ ಎಂದು ನನಗೆ ತೋರುತ್ತದೆ. ಅದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಉಕ್ರೇನ್ 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಬೇರೆಯಾಗಿ ಸ್ವತಂತ್ರವಾಯಿತು. ಸರ್ಕಾರದ ಒಡೆತನದಲ್ಲಿದ್ದ ಗಣಿ, ಕಾರ್ಖಾನೆ, ಅನಿಲದ ವ್ಯಾಪಾರ ಎಲ್ಲವೂ ಕೆಲವೇ ವರ್ಷಗಳಲ್ಲಿ ಬೆರಳೆಣಿಕೆಯ ಧನಿಕರ ಪಾಲಾದವು. ರಾಜಕಾರಣವೂ ಅವರ ಹಿಂದೆಯೇ ಹೋಯಿತು. ಸರ್ಕಾರ ಕೊಳ್ಳುವ ಪ್ರತಿಯೊಂದು ವಸ್ತುವೂ ಯಾರಾದರೊಬ್ಬರ ಆದಾಯದ ದಾರಿಯಾಗಿತ್ತು. ಟೆಂಡರು ಕಾನೂನು ಇರಲಿಲ್ಲವೆಂದಲ್ಲ. ಕಾನೂನಿಗೆ ವಿನಾಯಿತಿಗಳು ಸೇರುತ್ತಾ ಹೋದವು. ಸರ್ಕಾರಿ ಉದ್ಯಮಗಳು ತಮ್ಮ 'ಸ್ವಂತ ಹಣ'ದಿಂದ ಮಾಡುವ ಖರೀದಿಗೆ ಟೆಂಡರು ಬೇಡ ಎಂಬ ತಿದ್ದುಪಡಿ 2012ರಲ್ಲಿ ಬಂತು. ಸರ್ಕಾರಿ ಉದ್ಯಮಕ್ಕೆ ಸ್ವಂತ ಹಣ ಎಲ್ಲಿಂದ ಬಂತು ಎಂದು ಕೇಳುವವರಿರಲಿಲ್ಲ.

2013ರ ನವೆಂಬರಿನಲ್ಲಿ ಕೀವ್‌ನ ಮೈದಾನದಲ್ಲಿ ಜನ ಸೇರಿದರು. ಮೂರು ತಿಂಗಳ ಚಳಿಯಲ್ಲಿ ಕದಲದೆ ಕುಳಿತರು. ಸುಮಾರು ನೂರು ಮಂದಿ ಪ್ರಾಣ ಕಳೆದುಕೊಂಡರು. 2014ರ ಫೆಬ್ರವರಿ 22ರ ವೇಳೆಗೆ ಅಧ್ಯಕ್ಷ ವಿಕ್ಟರ್ ಯಾನುಕೊವಿಚ್ ರಾಜಧಾನಿಯನ್ನು ಬಿಟ್ಟು ಓಡಿಹೋಗಿದ್ದರು. ಊರ ಹೊರಗಿದ್ದ ಅವರ ಬಂಗಲೆಯ ಗೇಟು ತೆರೆದಾಗ ಜನ ಒಳಗೆ ನಡೆದು ನೋಡಿದರು: ಗಾಲ್ಫ್ ಮೈದಾನ, ಖಾಸಗಿ ಪ್ರಾಣಿಸಂಗ್ರಹಾಲಯ, ಅದರಲ್ಲಿ ಆಸ್ಟ್ರಿಚ್ ಹಕ್ಕಿಗಳು, ನೀರಿನ ಅಂಚಿನಲ್ಲಿ ಹಡಗಿನ ಆಕಾರದ ಭೋಜನಶಾಲೆ.

ಅಲ್ಲಿ ನಡೆದ ಒಂದು ಘಟನೆ ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಓಡುವ ಅವಸರದಲ್ಲಿ ಬಂಗಲೆಯವರು ಲೆಕ್ಕಪತ್ರಗಳ ಸುಮಾರು 200 ಕಡತಗಳನ್ನು ಪಕ್ಕದ ಜಲಾಶಯಕ್ಕೆ ಎಸೆದಿದ್ದರು. ಜನ ಮುಳುಗುಗಾರರನ್ನು ಕರೆಸಿ ಅವನ್ನು ಮೇಲಕ್ಕೆ ತೆಗೆಸಿದರು. ಒದ್ದೆಯಾದ ಕಾಗದಗಳನ್ನು ಅದೇ ಬಂಗಲೆಯ ಉಗಿಸ್ನಾನದ ಕೋಣೆಯಲ್ಲಿ ಹರಡಿ ಒಣಗಿಸಿದರು. ಪತ್ರಕರ್ತರು ತಮ್ಮ ನಡುವಿನ ಪೈಪೋಟಿಯನ್ನು ಬದಿಗಿಟ್ಟು ಹಗಲೂರಾತ್ರಿ ಒಂದೊಂದೇ ಹಾಳೆಯನ್ನು ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಏರಿಸಿದರು. ಕಾಗದವನ್ನು ನೀರಿಗೆ ಎಸೆಯಬಹುದು, ಸುಡಬಹುದು. ಸಾವಿರಾರು ಜನರ ಬಳಿ ಪ್ರತಿ ಇರುವ ಲೆಕ್ಕವನ್ನು ಹಾಗೆ ಮಾಡಲಾಗುವುದಿಲ್ಲ. ಇದನ್ನು ಆ ದೇಶ ಕಣ್ಣಾರೆ ಕಂಡಿತು.

ಆಗಲೇ ಕೆಲವರು ಸ್ವಯಂಸೇವಕರು ಒಂದು ಕೆಲಸಕ್ಕೆ ಕೈಹಾಕಿದರು. ಅವರ ಮುಂದಾಳು ಒಲೆಕ್ಸಾಂಡರ್ ಸ್ಟಾರೊದುಬ್‌ತ್ಸೆವ್, ಷೇರುಪೇಟೆಯ ವ್ಯವಹಾರ ಬಲ್ಲವರು. ಅಧ್ಯಕ್ಷ ಓಡಿಹೋದ ಮಾತ್ರಕ್ಕೆ ಕಚೇರಿಗಳು ಬದಲಾಗುವುದಿಲ್ಲ, ಹಣ ಸೋರುವ ತೂತನ್ನು ಮುಚ್ಚಬೇಕು ಎಂಬುದು ಅವರ ಯೋಚನೆ. ತೂತು ಯಾವುದೆಂದು ಹುಡುಕುವ ಕಷ್ಟವಿರಲಿಲ್ಲ. ಶಾಲೆಯ ಬೆಂಚು, ಆಸ್ಪತ್ರೆಯ ಔಷಧ, ರಸ್ತೆಯ ಡಾಂಬರು, ಸೈನಿಕನ ಬೂಟು ಎಲ್ಲವೂ ಟೆಂಡರಿನ ಮೂಲಕವೇ ಬರಬೇಕು.

ಅವರು ಕಲಿಯಲು ಹೋದದ್ದು ಅಮೆರಿಕಕ್ಕಲ್ಲ. ತಮ್ಮಂತೆಯೇ ಸೋವಿಯತ್ ಆಳ್ವಿಕೆಯನ್ನು ಉಂಡಿದ್ದ ಜಾರ್ಜಿಯಾ ಎಂಬ ಪುಟ್ಟ ದೇಶದ ಕಡೆಗೆ ನೋಡಿದರು. ಜಾರ್ಜಿಯಾ 2010ರಲ್ಲಿ ಸರ್ಕಾರಿ ಖರೀದಿಯನ್ನೆಲ್ಲ ಕಾಗದದಿಂದ ಕಂಪ್ಯೂಟರಿಗೆ ತಂದಿತ್ತು. ಅದನ್ನು ಕಟ್ಟುವಲ್ಲಿ ಮುಖ್ಯ ಪಾತ್ರ ವಹಿಸಿದ್ದ ತಾತೊ ಉರ್ಜುಮೆಲಾಶ್ವಿಲಿ ಎಂಬ ತಜ್ಞರು ಉಕ್ರೇನಿನವರಿಗೆ ನೆರವಾದರು. ಆದರೆ ಇವರು ಅದನ್ನು ಹಾಗೆಯೇ ನಕಲು ಮಾಡಲಿಲ್ಲ. ಜಾರ್ಜಿಯಾದಲ್ಲಿ ಇಡೀ ವ್ಯವಸ್ಥೆ ಸರ್ಕಾರದ ಕೈಯಲ್ಲಿತ್ತು. ಉಕ್ರೇನಿನಲ್ಲಿ ಸರ್ಕಾರವನ್ನು ನಂಬುವವರು ಯಾರು? ವ್ಯಾಪಾರಿಗಳನ್ನಾದರೂ ನಂಬುವುದು ಹೇಗೆ? ಯಾರನ್ನೂ ಪೂರ್ತಿ ನಂಬದೆ ನಡೆಯುವ ಒಂದು ವ್ಯವಸ್ಥೆ ಬೇಕಾಗಿತ್ತು. ಅವರು ಕಟ್ಟಿದ್ದು ಅಂಥದೇ.

ಅದರ ಹೆಸರು ಪ್ರೊಝೊರೊ. ಉಕ್ರೇನಿ ಭಾಷೆಯಲ್ಲಿ ಆ ಪದಕ್ಕೆ ಪಾರದರ್ಶಕವಾಗಿ ಎಂಬ ಅರ್ಥವಿದೆ. ಅದರ ಘೋಷವಾಕ್ಯ ಇನ್ನೂ ಸರಳ: ಎಲ್ಲರಿಗೂ ಎಲ್ಲವೂ ಕಾಣುತ್ತದೆ.

ಇದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಡುವೆ ಒಂದು ದತ್ತಾಂಶದ ಭಂಡಾರ, ಅದು ಸರ್ಕಾರದ್ದು. ಸುತ್ತ ಹಲವು ಖಾಸಗಿ ವೇದಿಕೆಗಳು. ಅವು ವ್ಯಾಪಾರದ ಸಂಸ್ಥೆಗಳು. ಒಂದು ಶಾಲೆಗೆ ಐವತ್ತು ಬೆಂಚು ಬೇಕೆನ್ನಿ. ಶಾಲೆಯವರು ಯಾವುದೋ ಒಂದು ವೇದಿಕೆಯ ಮೂಲಕ ಟೆಂಡರು ಪ್ರಕಟಿಸುತ್ತಾರೆ. ಅದು ಭಂಡಾರಕ್ಕೆ ಹೋಗಿ, ಅಲ್ಲಿಂದ ಎಲ್ಲ ವೇದಿಕೆಗಳಲ್ಲಿಯೂ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಯಾವುದೋ ಮೂಲೆಯ ಪತ್ರಿಕೆಯಲ್ಲಿ ಜಾಹೀರಾತು ಹಾಕಿ ತಮ್ಮವನಿಗೆ ಮಾತ್ರ ತಿಳಿಸುವ ಹಳೆಯ ಚಮತ್ಕಾರ ನಡೆಯುವುದಿಲ್ಲ. ಒಂದು ವೇದಿಕೆಯವನು ಯಾರನ್ನಾದರೂ ಹೊರಗಿಟ್ಟರೆ ಆತ ಪಕ್ಕದ ವೇದಿಕೆಯಿಂದ ಒಳಗೆ ಬರಬಹುದು. ಹೆಚ್ಚು ವ್ಯಾಪಾರಿಗಳು ಬಂದಷ್ಟೂ ವೇದಿಕೆಗೆ ಲಾಭವಾದ್ದರಿಂದ, ದೂರದ ಊರಿನ ಸಣ್ಣ ಬಡಗಿಯನ್ನೂ ಹುಡುಕಿ ತರುವುದು ಅವರಿಗೇ ಹಿತ.

ಅನಂತರ ಹರಾಜು. ನಮ್ಮ ಅಡಿಕೆ ಮಂಡಿಯ ಹರಾಜಿನಲ್ಲಿ ಬೆಲೆ ಏರುತ್ತದೆ. ಇಲ್ಲಿ ಕೊಳ್ಳುವವನು ಸರ್ಕಾರವಾದ್ದರಿಂದ ಬೆಲೆ ಇಳಿಯುತ್ತದೆ. ಮೂರು ಸುತ್ತು. ಪ್ರತಿಸುತ್ತಿನಲ್ಲಿ ಹೆಚ್ಚು ಬೆಲೆ ಹೇಳಿದವನು ಮೊದಲು ಇಳಿಸಬೇಕು, ಕಡಿಮೆ ಹೇಳಿದವನಿಗೆ ಕೊನೆಯ ಮಾತು. ಹರಾಜು ಮುಗಿಯುವವರೆಗೆ ಯಾರು ಯಾರು ಭಾಗವಹಿಸಿದ್ದಾರೆಂಬುದು ತೆರೆಯ ಮೇಲೆ ಕಾಣುವುದಿಲ್ಲ. ಬೆಲೆಗಳು ಮಾತ್ರ ಕಾಣುತ್ತವೆ. ಇದರಿಂದ ಒಳಗೊಳಗೇ ಮಾತನಾಡಿಕೊಳ್ಳುವುದು ಕಷ್ಟವಾಗುತ್ತದೆ. ಹರಾಜು ಮುಗಿದೊಡನೆ ತೆರೆ ಸರಿಯುತ್ತದೆ. ಗೆದ್ದವನ ಕಾಗದಪತ್ರ ಮಾತ್ರವಲ್ಲ, ಸೋತವನದೂ, ತಿರಸ್ಕೃತನಾದವನದೂ, ತಿರಸ್ಕರಿಸಲು ಕೊಟ್ಟ ಕಾರಣವೂ, ಕೊನೆಗೆ ಮಾಡಿಕೊಂಡ ಒಪ್ಪಂದವೂ ಬಹಿರಂಗವಾಗುತ್ತವೆ. ಅರ್ಜಿ ಹಾಕಬೇಕಿಲ್ಲ, ಶುಲ್ಕ ಕಟ್ಟಬೇಕಿಲ್ಲ. ಯಾವ ದೇಶದವನಾದರೂ ಕುಳಿತಲ್ಲೇ ನೋಡಬಹುದು.

ಮೂರನೆಯ ಪಾಲುದಾರ ನಾಗರಿಕರು. ಅಧಿಕಾರಿಗಳಿಗೆ ವ್ಯಾಪಾರಿಗಳ ಮೇಲೆ, ವ್ಯಾಪಾರಿಗಳಿಗೆ ಅಧಿಕಾರಿಗಳ ಮೇಲೆ, ಜನರಿಗೆ ಇಬ್ಬರ ಮೇಲೂ ಕಣ್ಣು. ಈ ಏರ್ಪಾಟನ್ನು ಅವರು ಚಿನ್ನದ ತ್ರಿಕೋನ ಎಂದು ಕರೆದರು. ಪ್ರಾಯೋಗಿಕವಾಗಿ ನಡೆಯುತ್ತಿದ್ದ ದಿನಗಳಲ್ಲಿ ಭಂಡಾರದ ಜವಾಬ್ದಾರಿಯನ್ನು ಸರ್ಕಾರದ ಬದಲು 'ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್' ಸಂಸ್ಥೆಯ ಉಕ್ರೇನ್ ಶಾಖೆ ಹೊತ್ತುಕೊಂಡಿತ್ತು. ವ್ಯವಸ್ಥೆಯನ್ನು ನಡೆಸುವ ತಂತ್ರಾಂಶವೂ ಮುಕ್ತವಾದದ್ದು. ಬಲ್ಲವರು ಒಳಗಿನ ಸಂಕೇತಗಳನ್ನೇ ಓದಿ ಪರೀಕ್ಷಿಸಬಹುದು.

2015ರ ಫೆಬ್ರವರಿ 12ರಂದು ಪ್ರಯೋಗ ಆರಂಭವಾಯಿತು. ಸ್ವಯಂಸೇವಕರಲ್ಲಿ ಕೆಲವರು ಸರ್ಕಾರಿ ಹುದ್ದೆಗಳಿಗೇ ಬಂದರು. ಸ್ಟಾರೊದುಬ್‌ತ್ಸೆವ್ ಆರ್ಥಿಕ ಅಭಿವೃದ್ಧಿ ಸಚಿವಾಲಯದ ಖರೀದಿ ವಿಭಾಗದ ಮುಖ್ಯಸ್ಥರಾದರು. ಅದೇ ವರ್ಷದ ಡಿಸೆಂಬರ್ 25ರಂದು ಸಂಸತ್ತು ಹೊಸ ಖರೀದಿ ಕಾನೂನನ್ನು ಅಂಗೀಕರಿಸಿತು. 2016ರ ಏಪ್ರಿಲ್ 1ರಿಂದ ಕೇಂದ್ರ ಇಲಾಖೆಗಳಿಗೆ, ಆಗಸ್ಟ್ 1ರಿಂದ ಎಲ್ಲ ಸರ್ಕಾರಿ ಕಚೇರಿಗಳಿಗೆ ಪ್ರೊಝೊರೊ ಕಡ್ಡಾಯವಾಯಿತು. ಆ ವರ್ಷವೇ ಪ್ಯಾರಿಸ್ಸಿನ ಮುಕ್ತ ಸರ್ಕಾರ ಸಮ್ಮೇಳನದಲ್ಲಿ ಮೊದಲ ಬಹುಮಾನ ಬಂತು.

ಭಾಷಣ ಇಲ್ಲಿಗೆ ಮುಗಿದಿದ್ದರೆ ಕಂಪ್ಯೂಟರಿಗೆ ಮಂಗಳಾರತಿ ಎತ್ತಿ ನಾವು ಮನೆಗೆ ಹೋಗಬಹುದಿತ್ತು. ಆದರೆ ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಅದು ಉಕ್ರೇನಿಗೂ ಅನ್ವಯಿಸುತ್ತದೆ.

ಮೊದಲ ರಂಗೋಲಿ, ಮೊತ್ತದ ಮಿತಿ. 2016ರ ಕಾನೂನಿನಂತೆ ಸರಕು ಮತ್ತು ಸೇವೆಗಳಿಗೆ 2 ಲಕ್ಷ ಹ್ರಿವ್ನಿಯಾದ ಒಳಗಿನ ಖರೀದಿಗೆ ಪೂರ್ಣ ಟೆಂಡರು ಕಡ್ಡಾಯವಿರಲಿಲ್ಲ. ಕೂಡಲೇ 1,99,900 ಹ್ರಿವ್ನಿಯಾದ ಆಸುಪಾಸಿನ ಒಪ್ಪಂದಗಳು ಕಾಣಿಸಿಕೊಳ್ಳತೊಡಗಿದವು. ದೊಡ್ಡ ಕೆಲಸವನ್ನು ಕೊಯ್ದು ತುಂಡು ಮಾಡುವ ವಿದ್ಯೆ ನಮಗೂ ಅಪರಿಚಿತವಲ್ಲ; ಅದಕ್ಕೆ ನಮ್ಮ ಪತ್ರಿಕೆಗಳಲ್ಲಿ 'ತುಂಡು ಗುತ್ತಿಗೆ' ಎಂಬ ಹೆಸರೇ ಇದೆ. ಎರಡನೆಯದು, ಷರತ್ತುಗಳನ್ನು ಒಬ್ಬನ ಮೈ ಅಳತೆಗೆ ಹೊಲಿಯುವುದು. ಬೆಂಚಿನ ಉದ್ದ, ಅಗಲ, ಮೊಳೆಯ ಸಂಖ್ಯೆಯನ್ನು ಒಬ್ಬನೇ ತಯಾರಕನಿಗೆ ಹೊಂದುವಂತೆ ಬರೆದರೆ ಹರಾಜು ಬರೀ ನಾಟಕವಾಗುತ್ತದೆ. ಮೂರನೆಯದು, ಒಂದೇ ಮನೆಯವರು ಎರಡು ಕಂಪೆನಿಗಳ ವೇಷ ತೊಟ್ಟು ತಮ್ಮತಮ್ಮಲ್ಲೇ ಪೈಪೋಟಿ ಮಾಡುವುದು.

ಇದನ್ನೆಲ್ಲ ಯಂತ್ರ ತಾನಾಗಿ ತಡೆಯಲಿಲ್ಲ. ಆದರೆ ಯಂತ್ರ ಇವನ್ನು ಅಡಗಿಸಿಡಲೂ ಇಲ್ಲ, ಎಲ್ಲವೂ ಕಣ್ಣ ಮುಂದೆ ಬಿದ್ದಿತ್ತು. ನೋಡುವವರು ಬೇಕಾಗಿತ್ತು. 2016ರ ನವೆಂಬರಿನಲ್ಲಿ ದೊಝೊರೊ ಎಂಬ ಇನ್ನೊಂದು ವ್ಯವಸ್ಥೆಯನ್ನು ಹುಟ್ಟುಹಾಕಿದರು. ಕಾವಲು, ಗಸ್ತು ಎಂಬ ಅರ್ಥದ ಪದದಿಂದ ಬಂದ ಹೆಸರು ಅದು. ಊರೂರಿನ ನಾಗರಿಕ ಸಂಘಗಳ ಜನ ದಿನವೂ ಟೆಂಡರುಗಳನ್ನು ಓದುತ್ತಾರೆ. ಎರಡು ಕಂಪೆನಿಗಳಿಗೆ ಒಂದೇ ವಿಳಾಸವಿದೆಯೇ, ಕಡಿಮೆ ಬೆಲೆಯವನನ್ನು ಕ್ಷುಲ್ಲಕ ಕಾರಣಕ್ಕೆ ಹೊರಗಿಟ್ಟಿದ್ದಾರೆಯೇ ಎಂದು ಹುಡುಕುತ್ತಾರೆ. ಸಂಶಯ ಬಂದರೆ ಕಚೇರಿಗೆ ಬರೆಯುತ್ತಾರೆ, ಲೆಕ್ಕತನಿಖೆಯವರಿಗೆ ಬರೆಯುತ್ತಾರೆ, ಪತ್ರಿಕೆಗೆ ಕೊಡುತ್ತಾರೆ. ಬೇಸರದ ಕೆಲಸ, ಹೆಸರು ತರದ ಕೆಲಸ. ನನ್ನ ದೃಷ್ಟಿಯಲ್ಲಿ ಪ್ರೊಝೊರೊದ ಜೀವ ಇರುವುದು ಈ ಬೇಸರದ ಕೆಲಸದಲ್ಲಿ.

ಈಗ ಮೊಟ್ಟೆಯ ಬಳಿಗೆ ಬರೋಣ. 2022ರ ಫೆಬ್ರವರಿ 24ರಂದು ರಷ್ಯಾ ಪೂರ್ಣಪ್ರಮಾಣದ ದಾಳಿ ನಡೆಸಿತು. ನಾಲ್ಕೇ ದಿನಗಳಲ್ಲಿ ಉಕ್ರೇನ್ ಸರ್ಕಾರ ರಕ್ಷಣಾ ಖರೀದಿಗೆ ಟೆಂಡರು ಬೇಡವೆಂದು ಆದೇಶಿಸಿತು. ಬಾಂಬು ಬೀಳುತ್ತಿರುವಾಗ ಮೂರು ಸುತ್ತಿನ ಹರಾಜು ನಡೆಸಿ ಎಂದು ಯಾರೂ ಹೇಳುವುದಿಲ್ಲ. ಮದ್ದುಗುಂಡು ಯಾವ ಉಗ್ರಾಣದಲ್ಲಿದೆ ಎಂಬುದನ್ನು ಶತ್ರುವಿಗೆ ತಿಳಿಸಬೇಕಾಗಿಯೂ ಇಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಸಾಮಾನ್ಯ ಸರ್ಕಾರಿ ಖರೀದಿಗಳನ್ನು ಬಹುಮಟ್ಟಿಗೆ ಮತ್ತೆ ಪ್ರೊಝೊರೊಗೆ ತಂದರು. ಸೈನ್ಯದ ಖರೀದಿ ಮಾತ್ರ ಪರದೆಯ ಹಿಂದೆಯೇ ಉಳಿಯಿತು. ಬಂದೂಕಿನ ಗುಟ್ಟಿನ ಜೊತೆಗೆ ಬಟಾಟೆ, ಮೊಟ್ಟೆ, ಚಳಿಗಾಲದ ಅಂಗಿಗಳೂ ಗುಟ್ಟಾದವು.

ಆ ಪರದೆಯ ಹಿಂದೆಯೇ 7ರ ಮೊಟ್ಟೆ 17 ಆದದ್ದು. ವ್ಯವಸ್ಥೆ ಸೋತದ್ದರಿಂದ ಆಗಲಿಲ್ಲ. ವ್ಯವಸ್ಥೆಯಿಂದ ಹೊರಗಿಟ್ಟಿದ್ದರಿಂದ ಆಯಿತು. ಉಳಿದ ಖರೀದಿಗಳಲ್ಲಿ ಅದೇ ಅಧಿಕಾರಿವರ್ಗ, ಅದೇ ವ್ಯಾಪಾರಿವರ್ಗ, ಅದೇ ಜನ. ಅವರೇನು ಆರು ವರ್ಷಗಳಲ್ಲಿ ಹರಿಶ್ಚಂದ್ರರಾಗಿರಲಿಲ್ಲ. ಯಾರೋ ನೋಡುತ್ತಿದ್ದಾರೆಂಬ ಅರಿವು ಅವರ ಕೈ ಹಿಡಿದಿತ್ತು. ಅರಿವು ಹೋದೊಡನೆ ಕೈ ಹಳೆಯ ಜಾಗಕ್ಕೆ ಹೋಯಿತು.

ಜನ ಏನು ಕೇಳಿದರೆಂಬುದೂ ಗಮನಾರ್ಹ. ಯುದ್ಧದ ಗುಟ್ಟುಗಳನ್ನೆಲ್ಲ ಬಿಚ್ಚಿಡಿ ಎನ್ನಲಿಲ್ಲ. ಯಾವುದು ಗುಟ್ಟು, ಯಾವುದು ಅಲ್ಲ ಎಂದು ಬೇರ್ಪಡಿಸಿ ಎಂದರು. ಆಯುಧವಲ್ಲದ ಸರಕುಗಳ ಬಿಡಿ ಬೆಲೆಯನ್ನು ಪ್ರಕಟಿಸಬೇಕೆಂದು 2023ರ ಫೆಬ್ರವರಿಯಲ್ಲಿ ಸಂಸತ್ತು ಕಾನೂನು ಮಾಡಿತು. ಸೈನಿಕರ ಊಟ, ಬಟ್ಟೆ, ಇಂಧನಗಳ ಖರೀದಿಗೆಂದು ಸಚಿವಾಲಯ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿತು. ಅದು 2024ರಿಂದ ತನ್ನ ಖರೀದಿಯನ್ನು ಪ್ರೊಝೊರೊ ಮೂಲಕ ನಡೆಸತೊಡಗಿತು. ಯುದ್ಧದ ನಡುವೆಯೇ ಪರದೆ ಸರಿಯಿತು, ಅದರಿಂದ ರಣರಂಗದ ಗುಟ್ಟೇನೂ ಹೊರಬೀಳಬೇಕಾಗಿರಲಿಲ್ಲ.

ಇದರಿಂದ ಉಕ್ರೇನ್ ಶುದ್ಧವಾಯಿತೇ? ಇಲ್ಲ. 2025ರ ನವೆಂಬರಿನಲ್ಲಿ ಅಲ್ಲಿನ ಭ್ರಷ್ಟಾಚಾರ ನಿಗ್ರಹ ದಳ ಒಂದು ದೊಡ್ಡ ಪ್ರಕರಣವನ್ನು ಬಯಲಿಗೆಳೆಯಿತು. ಅಣು ವಿದ್ಯುತ್ತಿನ ಸರ್ಕಾರಿ ಸಂಸ್ಥೆಯ ಗುತ್ತಿಗೆದಾರರಿಂದ ಒಪ್ಪಂದದ ಮೊತ್ತದ ಶೇಕಡ 10ರಿಂದ 15ರಷ್ಟು ವಸೂಲಿ ಮಾಡಲಾಗುತ್ತಿತ್ತು ಎಂಬುದು ಆರೋಪ. ಇಬ್ಬರು ಸಚಿವರು ಪದವಿ ಕಳೆದುಕೊಂಡರು. ದಳದವರು ಹೇಳುವ ಪ್ರಕಾರ, ಹಣ ಕೊಡದವನು ಮಾಡಿ ಮುಗಿಸಿದ ಕೆಲಸದ ಬಿಲ್ಲನ್ನು ತಡೆದು ನಿಲ್ಲಿಸುತ್ತಿದ್ದರು. ಒಳಗಿನವರು ಅದಕ್ಕೆ ಇಟ್ಟ ಹೆಸರು ರಸ್ತೆಯ ಅಡ್ಡಗಂಬ, ಅಂದರೆ ಟೋಲಿನಲ್ಲಿ ಏಳುವ-ಬೀಳುವ ಗೇಟು. ಇದನ್ನು ಗಮನಿಸಬೇಕು. ಟೆಂಡರಿನ ಬಾಗಿಲಿಗೆ ಗಾಜು ಹಾಕಿದಾಗ, ಲಂಚ ಬಿಲ್ಲಿನ ಬಾಗಿಲಿಗೆ ಹೋಗಿ ನಿಂತಿತ್ತು.

ಅದೇ ವರ್ಷದ ಜುಲೈಯಲ್ಲಿ ಇನ್ನೊಂದು ಘಟನೆ ನಡೆದಿತ್ತು. ಈ ನಿಗ್ರಹ ದಳದ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಕಾನೂನನ್ನು ಜುಲೈ 22ರಂದು ತರಾತುರಿಯಲ್ಲಿ ಜಾರಿ ಮಾಡಲಾಯಿತು. ಸಂಜೆಯೇ ಕೀವ್‌ನ ಬೀದಿಗೆ ಯುವಜನ ಬಂದರು. ಅವರ ಕೈಯಲ್ಲಿದ್ದುದು ರಟ್ಟಿನ ಪೆಟ್ಟಿಗೆಯನ್ನು ಹರಿದು ಬರೆದ ಫಲಕಗಳು. ಒಂಬತ್ತು ದಿನಗಳಲ್ಲಿ, ಜುಲೈ 31ರಂದು, ಸಂಸತ್ತು ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ನವೆಂಬರಿನ ಪ್ರಕರಣ ಹೊರಗೆ ಬಂದದ್ದು ಆ ದಳ ಸ್ವತಂತ್ರವಾಗಿ ಉಳಿದದ್ದರಿಂದ. ಜಗತ್ತಿನ ಅತ್ಯಂತ ಮೆಚ್ಚುಗೆ ಪಡೆದ ಡಿಜಿಟಲ್ ವ್ಯವಸ್ಥೆಗಳನ್ನು ಇಟ್ಟುಕೊಂಡ ದೇಶದಲ್ಲಿ, ಕೊನೆಗೆ ಕೆಲಸಕ್ಕೆ ಬಂದದ್ದು ಹರಿದ ರಟ್ಟು.

ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಪ್ರತಿವರ್ಷ ದೇಶಗಳಿಗೆ 100ಕ್ಕೆ ಅಂಕ ಕೊಡುತ್ತದೆ. ಅಂಕ ಹೆಚ್ಚಾದಷ್ಟೂ ಆಡಳಿತ ಶುದ್ಧವೆಂಬ ಅಭಿಪ್ರಾಯ. 2013ರಲ್ಲಿ ಉಕ್ರೇನಿಗೆ ಸಿಕ್ಕಿದ್ದು 25. ಹತ್ತು ವರ್ಷಗಳ ಅನಂತರ, 2023ರಲ್ಲಿ, 36. ಒಂದು ದಶಕದ ಹೋರಾಟಕ್ಕೆ ಹನ್ನೊಂದು ಅಂಕ. ಕಡಿಮೆ ಎನ್ನುವವರು ಎನ್ನಲಿ. ಕಂಪ್ಯೂಟರು ತಂದೊಡನೆ ರಾಮರಾಜ್ಯ ಬರುತ್ತದೆ ಎಂದು ಹೇಳುವವರ ಮುಂದೆ ನಾನು ಈ ಹನ್ನೊಂದನ್ನೇ ಇಡುತ್ತೇನೆ. ಅದು ನಿಜವಾದ ವೇಗ.

ಇನ್ನು ನಮ್ಮ ಕಡೆಗೆ ಬರೋಣ. ಕರ್ನಾಟಕಕ್ಕೆ ಇದರಲ್ಲಿ ಕಲಿಯುವುದೇನಿದೆ, ನಮ್ಮಲ್ಲಿ ಕಂಪ್ಯೂಟರು ಮೊದಲೇ ಬಂದಿದೆಯಲ್ಲ ಎನ್ನಬಹುದು. ನಿಜ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕಾಯ್ದೆ ನಮ್ಮಲ್ಲಿ 1999ರಲ್ಲಿಯೇ ಆಯಿತು. ಕಂಪ್ಯೂಟರಿನ ಮೂಲಕ ಟೆಂಡರು 2007ರಲ್ಲಿ ಆರಂಭವಾಯಿತು. ಉಕ್ರೇನಿಗಿಂತ ಎಂಟು ವರ್ಷ ಮೊದಲು. ಹೀಗಿದ್ದೂ 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘ, ಕಾಮಗಾರಿಯ ಮೊತ್ತದಲ್ಲಿ ಶೇಕಡ 40ರವರೆಗೆ ಲಂಚಕ್ಕೆ ಹೋಗುತ್ತದೆ ಎಂದು ಪ್ರಧಾನಿಗೇ ಪತ್ರ ಬರೆಯಿತು. ದೂರಿನ ಸತ್ಯಾಸತ್ಯವನ್ನು ತನಿಖೆಗೆ ಬಿಡೋಣ. ಇಂಥ ದೂರು ಹುಟ್ಟುವ ಹೊತ್ತಿಗೆ ನಮ್ಮ ಟೆಂಡರುಗಳು ಕಂಪ್ಯೂಟರಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು ಎಂಬುದನ್ನಷ್ಟೇ ನೆನಪಿಸುತ್ತೇನೆ. ಅದಕ್ಕೆ ಮೊದಲು, 2019ರಲ್ಲಿ, ಆ ಟೆಂಡರು ಜಾಲತಾಣಕ್ಕೇ ಕನ್ನ ಹಾಕಿ ಗುತ್ತಿಗೆದಾರರ ಠೇವಣಿಯ 11 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ಲಪಟಾಯಿಸಿದ ಪ್ರಕರಣವೂ ನಡೆಯಿತು.

ನಮ್ಮ ಕಾಯ್ದೆಯಲ್ಲಿ 4(ಜಿ) ಎಂಬ ಒಂದು ಸಣ್ಣ ಉಪಪ್ರಕರಣವಿದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದಾದರೂ ಖರೀದಿಗೆ ಟೆಂಡರಿನಿಂದ ವಿನಾಯಿತಿ ಕೊಡಬಹುದು ಎನ್ನುತ್ತದೆ ಅದು. ಪತ್ರಿಕೆ ಓದುವವರಿಗೆ ಈ '4(ಜಿ) ವಿನಾಯಿತಿ' ಪರಿಚಿತ ಪದ; ಒಂದು ಪಕ್ಷದ ಸರ್ಕಾರವಿದ್ದಾಗ ಇನ್ನೊಂದು ಪಕ್ಷದವರು ಅದನ್ನು ಪ್ರಶ್ನಿಸುತ್ತಾರೆ, ಅಧಿಕಾರ ಬದಲಾದಾಗ ಪಾತ್ರಗಳೂ ಬದಲಾಗುತ್ತವೆ. ತುರ್ತು ಎಂಬುದು ಎಲ್ಲ ಸರ್ಕಾರಗಳಿಗೂ ಬರುತ್ತದೆ. ನೆರೆ ಬಂದಾಗ, ಸಾಂಕ್ರಾಮಿಕ ಬಂದಾಗ ವಿನಾಯಿತಿ ಬೇಡವೆನ್ನಲಾಗದು. ಆದರೆ ಉಕ್ರೇನಿನ ಮೊಟ್ಟೆ ಕಲಿಸುವುದು ಇದನ್ನು: ಟೆಂಡರಿನಿಂದ ವಿನಾಯಿತಿ ಕೊಡಬೇಕಾಗಿ ಬರಬಹುದು, ಬೆಲೆಯನ್ನು ಹೇಳುವುದರಿಂದ ವಿನಾಯಿತಿ ಕೊಡಬೇಕಾಗಿಲ್ಲ. ಯುದ್ಧ ಮಾಡುತ್ತಿದ್ದ ದೇಶವೇ ಈ ವ್ಯತ್ಯಾಸ ಮಾಡಬಹುದಾದರೆ ನಾವು ಮಾಡಲಾರೆವೇ?

ಎರಡನೆಯ ಪಾಠ, ಟೆಂಡರೆಂಬುದು ದಾರಿಯ ಒಂದು ಮೈಲಿಗಲ್ಲು ಮಾತ್ರ. ಅಂದಾಜುಪಟ್ಟಿಯಿಂದ ಹಿಡಿದು ಕೊನೆಯ ಬಿಲ್ಲಿನವರೆಗೆ ಇಡೀ ದಾರಿ ಕಾಣಬೇಕು. ನಿಮ್ಮ ಬೀದಿಯ ಚರಂಡಿಯನ್ನೇ ತೆಗೆದುಕೊಳ್ಳಿ. ಅದರ ಅಂದಾಜು ಎಷ್ಟು, ಎಷ್ಟು ಜನ ಟೆಂಡರು ಹಾಕಿದರು, ಯಾರನ್ನು ಏಕೆ ಕೈಬಿಟ್ಟರು, ಅಳತೆ ಪುಸ್ತಕದಲ್ಲಿ ಏನು ಬರೆದಿದ್ದಾರೆ, ಬಿಲ್ಲು ಯಾವ ಮೇಜಿನ ಮೇಲೆ ಎಷ್ಟು ದಿನ ಕುಳಿತಿತ್ತು, ಅದಕ್ಕಿಂತ ತಡವಾಗಿ ಬಂದ ಯಾರ ಬಿಲ್ಲು ಅದಕ್ಕಿಂತ ಮೊದಲು ಪಾಸಾಯಿತು — ಇಷ್ಟನ್ನೂ ಒಂದೇ ಕಡೆ, ಅರ್ಜಿ ಹಾಕದೆ, ಕನ್ನಡದಲ್ಲಿ ನೋಡಬಲ್ಲಿರಾ? ಪ್ರಯತ್ನಿಸಿ ನೋಡಿ. ಎಲ್ಲಿ ಕಾಣದೆ ಹೋಗುತ್ತದೆಯೋ ಅಲ್ಲಿ ಒಂದು ಗುರುತು ಹಾಕಿ. ಅಡ್ಡಗಂಬ ಇರುವುದಾದರೆ ಅಲ್ಲಿಯೇ.

ಮೂರನೆಯದನ್ನು ನಾವು ಉಕ್ರೇನಿನಿಂದ ಕಲಿಯಬೇಕಾಗಿಲ್ಲ. ನಮ್ಮ ದೇಶದವರೇ ತೋರಿಸಿದ್ದಾರೆ. 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸಾರ್ವಜನಿಕ ಅಹವಾಲು ಸಭೆಗಳನ್ನು ಆರಂಭಿಸಿದರು. ಕೂಲಿ ಹಾಜರಿ ಪಟ್ಟಿಯನ್ನು ಹಳ್ಳಿಯ ಜನರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸ ಮಾಡದವನ ಹೆಸರಿಗೆ ಕೂಲಿ, ಕಟ್ಟದ ಕಟ್ಟಡಕ್ಕೆ ಬಿಲ್ಲು ಎಲ್ಲವೂ ಜನರೆದುರೇ ಬಯಲಾದವು. ಅಲ್ಲಿ ಕಂಪ್ಯೂಟರಿರಲಿಲ್ಲ. ಒಂದು ಕಾಗದ, ಓದುವ ಒಂದು ದನಿ, ಕೇಳುವ ನೂರು ಕಿವಿ ಇದ್ದವು. ಮಾಹಿತಿ ಹಕ್ಕಿಗಾಗಿ ನಡೆದ ಹೋರಾಟಕ್ಕೆ ಬಲ ಬಂದದ್ದು ಅಲ್ಲಿಂದ. ಕರ್ನಾಟಕ 2000ದಲ್ಲಿ ತನ್ನದೇ ಕಾಯ್ದೆ ಮಾಡಿತು. 2005ರಲ್ಲಿ ಇಡೀ ದೇಶಕ್ಕೆ ಬಂತು. ಪ್ರೊಝೊರೊ ಮಾಡಿದ್ದೂ ಇದನ್ನೇ. ಹಳ್ಳಿಯ ಕಟ್ಟೆಯ ಮೇಲೆ ಓದಿದ್ದನ್ನು ಇಡೀ ದೇಶ ಕೇಳುವಂತೆ ಓದಿತು. ಯಂತ್ರದ ಉಪಯೋಗ ಅಷ್ಟು. ಅಷ್ಟೇ ಬಹಳ ದೊಡ್ಡದು. ಕೇಳುವ ಕಿವಿಗಳನ್ನು ಮಾತ್ರ ಅದು ತಯಾರಿಸಿ ಕೊಡಲಾರದು.

ಆದ್ದರಿಂದ ನೀವು ಕೊಟ್ಟ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಸರ್ಕಾರದೊಳಗಿನ ಕಾಗದವನ್ನು ಸರ್ಕಾರದೊಳಗಿನ ಕಂಪ್ಯೂಟರಿಗೆ ವರ್ಗಾಯಿಸಿದರೆ ಭ್ರಷ್ಟಾಚಾರ ಕಡಿಮೆಯಾಗಬೇಕೆಂದಿಲ್ಲ. ಲಂಚ ಕೇಳುವವನ ಮೇಜು ಬದಲಾಗುತ್ತದೆ. ಅದೇ ಕಂಪ್ಯೂಟರನ್ನು ಜನರ ಕಡೆಗೆ ತಿರುಗಿಸಿ ಇಟ್ಟರೆ, ಮತ್ತು ಜನ ಅದನ್ನು ದಿನವೂ ನೋಡಿದರೆ, ಖಂಡಿತ ಕಡಿಮೆಯಾಗುತ್ತದೆ, ನಿಧಾನವಾಗಿ. ಎಲ್ಲಿ ವಿನಾಯಿತಿ ಇದೆಯೋ ಅಲ್ಲಿ ಎರಡು ಪಟ್ಟು ಎಚ್ಚರ ಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ದೇಶದ ಭ್ರಷ್ಟಾಚಾರವನ್ನೆಲ್ಲ ತೊಲಗಿಸುತ್ತೇವೆಂದು ಪ್ರತಿಜ್ಞೆ ಮಾಡಬೇಡಿ. ನಾಲ್ಕು ಜನ ಸೇರಿ ನಿಮ್ಮ ಊರಿನ ಒಂದೇ ಒಂದು ಸರ್ಕಾರಿ ಕೆಲಸವನ್ನು ಆರಿಸಿಕೊಳ್ಳಿ. ಶಾಲೆಯ ಕಾಂಪೌಂಡು ಆಗಬಹುದು, ಅಂಗನವಾಡಿಗೆ ಬರುವ ಮೊಟ್ಟೆಯೂ ಆಗಬಹುದು. ಜಾಲತಾಣದಲ್ಲಿ ಸಿಕ್ಕಷ್ಟನ್ನು ತೆಗೆಯಿರಿ, ಸಿಗದ್ದಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಅಂಗಡಿಗೆ ಹೋಗಿ ಬೆಲೆ ಕೇಳಿ, ಎರಡನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಲೆಕ್ಕ ಸರಿಯಿದ್ದರೆ ಆ ಅಧಿಕಾರಿಗೆ ಹೋಗಿ ನಮಸ್ಕಾರ ಹೇಳಿ ಬನ್ನಿ. ಅವರಿಗೂ ಅದು ಬೇಕಾಗಿರುತ್ತದೆ. ಸರಿಯಿಲ್ಲದಿದ್ದರೆ ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಿ.